ಹೊಟ್ಟೆ ಆಪರೇಷನ್, ಜೊತೆಗೆ ಶುಗರ್ ಬಿಪಿ ಬೊಜ್ಜು: ಇಂಥ ಪೇಷಂಟ್‌ನ ವಾರ್ಡಲ್ಲಿ ನೋಡ್ಕೊಳ್ಳೋದು ಹೇಗೆ

ಗ್ಯಾಸ್ಟ್ರೆಕ್ಟಮಿ (ಜಠರದ ಭಾಗ ಅಥವಾ ಪೂರ್ತಿ ಜಠರ ತೆಗೆಯೋ ಆಪರೇಷನ್) ಕೇಸ್ ವಾರ್ಡಿಗೆ ಬಂತು ಅಂದ್ರೆ ಹೊಸದಾಗಿ ಡ್ಯೂಟಿಗೆ ಸೇರಿದವ್ರು ಮೊದ್ಲು ನೋಡೋದು ಡ್ರೆಸಿಂಗು, ಡ್ರೈನು (ಹೊಟ್ಟೆಯೊಳಗಿನ ದ್ರವ ಹೊರಗೆ ತರೋ ಕೊಳವೆ), ರೈಲ್ಸ್ ಟ್ಯೂಬು (ಮೂಗಿಂದ ಜಠರಕ್ಕೆ ಹಾಕೋ ಕೊಳವೆ). ತಪ್ಪಲ್ಲ ಬಿಡಿ, ನಾನೂ ಹಾಗೇ ಮಾಡ್ತಿದ್ದೆ. ಆದ್ರೆ ಶುಗರ್, ಬಿಪಿ, ಬೊಜ್ಜು, ಕೊಲೆಸ್ಟ್ರಾಲ್ ಎಲ್ಲಾ ಒಟ್ಟಿಗೆ ಇಟ್ಕೊಂಡು ಬರೋ ಪೇಷಂಟ್‌ಗೆ ಏನಾದ್ರೂ ಎಡವಟ್ಟಾಗ್ತಿದೆ ಅಂದ್ರೆ ಅದರ ಸುಳಿವು ಮೊದ್ಲು ಹೊಟ್ಟೆ ಮೇಲೆ ಕಾಣೋದು ಕಮ್ಮಿ. ಪಲ್ಸಲ್ಲಿ ಕಾಣತ್ತೆ, ಉಸಿರಲ್ಲಿ ಕಾಣತ್ತೆ, ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡೋ ಶುಗರ್) ಚಾರ್ಟಲ್ಲಿ ಕಾಣತ್ತೆ, ಮೀನಖಂಡ ಮುಟ್ಟಿದ್ರೆ ಗೊತ್ತಾಗತ್ತೆ. ಜೂನಿಯರ್‌ಗಳು ಕೇಳ್ತಾನೇ ಇರ್ತಾರೆ ಅಂತ ನಾನು ಹೇಗೆ ಮಾಡ್ತೀನಿ ಅನ್ನೋದನ್ನ ಒಂದ್ ಕಡೆ ಬರೆದಿಡ್ತಿದೀನಿ. ಡೋಸ್, ಆರ್ಡರ್ ಎಲ್ಲಾ ನಿಮ್ಮ ಡಾಕ್ಟ್ರು ಬರೆದಿದ್ದೇ ಫೈನಲ್, ಅದು ನೆನಪಿರಲಿ.

ಶುಗರ್, ಬಿಪಿ, ಬೊಜ್ಜು, ಕೊಲೆಸ್ಟ್ರಾಲ್ ಹೀಗೆ ಒಟ್ಟಿಗೆ ಇರೋದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅಂತಾರೆ, ಮೊದ್ಲು ಅದೇನು ಅಂತ ಬೇಗ ಹೇಳ್ಬಿಡ್ತೀನಿ. ಐದರಲ್ಲಿ ಮೂರು ಇದ್ರೆ ಸಾಕು: ಸೊಂಟದ ಸುತ್ತಳತೆ ನಮ್ಮ ಇಂಡಿಯಾದವ್ರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಅಥವಾ ಜಾಸ್ತಿ, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು) 150 ಅಥವಾ ಮೇಲೆ, ಎಚ್‌ಡಿಎಲ್ (ಒಳ್ಳೇ ಕೊಲೆಸ್ಟ್ರಾಲ್) ಗಂಡಸರಿಗೆ 40ಕ್ಕಿಂತ ಹೆಂಗಸರಿಗೆ 50ಕ್ಕಿಂತ ಕಮ್ಮಿ, ಬಿಪಿ 130/85 ಅಥವಾ ಮೇಲೆ, ಖಾಲಿ ಹೊಟ್ಟೆ ಶುಗರ್ 100 ಅಥವಾ ಮೇಲೆ. ಮಾತ್ರೆ ತಗೊಂಡು ಕಂಟ್ರೋಲಲ್ಲಿದ್ರೂ ಅದು ಇದೆ ಅಂತಾನೇ ಲೆಕ್ಕ. ಟೇಪ್ ಹಿಡಿಯೋದು ಹೊಕ್ಕುಳ ಮೇಲಲ್ಲ, ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯ, ಪೇಷಂಟ್ ಉಸಿರು ಬಿಟ್ಟಾಗ. ಹೊಟ್ಟೆ ಒಳಗೆ ಎಳ್ಕೊಳ್ತಾರೆ ಕೆಲವ್ರು, ನಗಿಸಿ ಬಿಡಿಸಿ ಅಳೀರಿ.

ಅಡ್ಮಿಷನ್ ದಿನದ ಕೆಲ್ಸದಲ್ಲಿ ನನಗೆ ಮುಖ್ಯ ಅನ್ಸೋದು ಮಾತ್ರೆ ಕವರ್. ಪ್ಲಾಸ್ಟಿಕ್ ಕವರಲ್ಲಿ ಅರ್ಧರ್ಧ ಕತ್ತರಿಸಿದ ಸ್ಟ್ರಿಪ್ ತರ್ತಾರೆ, "ಬಿಳೀದು ಬೆಳಗ್ಗೆ, ಹಳದಿ ರಾತ್ರಿ ಸಿಸ್ಟರ್" ಅಂತಾರೆ, ಹೆಸರಿರೋ ಭಾಗವೇ ಕತ್ತರಿಸಿ ಹೋಗಿರತ್ತೆ. ಸುಮ್ನೆ "ಶುಗರ್ ಮಾತ್ರೆ" ಅಂತ ಕೇಸ್ ಶೀಟಲ್ಲಿ ಬರೀಬೇಡಿ, ಮನೆಗೆ ಫೋನ್ ಮಾಡ್ಸಿ ಪೂರ್ತಿ ಸ್ಟ್ರಿಪ್ ಫೋಟೋ ವಾಟ್ಸಾಪಲ್ಲಿ ತರಿಸ್ಕೊಳ್ಳಿ. ಯಾಕೆ ಅಂದ್ರೆ ಈಗ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಔಷಧಿಗಳು ಮೆಟ್ಫಾರ್ಮಿನ್ ಅನ್ನೋ ಇನ್ನೊಂದು ಶುಗರ್ ಔಷಧಿ ಜೊತೆ ಒಂದೇ ಮಾತ್ರೇಲಿ ಸೇರ್ಕೊಂಡು ಬರ್ತವೆ, ಇವನ್ನ ಆಪರೇಷನ್‌ಗೆ 3 ದಿನ ಮುಂಚೆನೇ ನಿಲ್ಲಿಸಿರಬೇಕು. ನಿಲ್ಲಿಸದೆ ಉಪವಾಸ ಇದ್ದು ಆಪರೇಷನ್ ಆದ್ರೆ ಕೀಟೋಅಸಿಡೋಸಿಸ್ (ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ತುಂಬ್ಕೊಳ್ಳೋದು) ಆಗ್ಬಹುದು, ಅದೂ ಶುಗರ್ 180, 200 ಅಂತ ಸಾಧಾರಣವಾಗಿರುವಾಗಲೇ. ಪೇಷಂಟ್ ವಾಂತಿ ಅಂತಾರೆ, ಹೊಟ್ಟೆ ನೋವು ಅಂತಾರೆ, ಉಸಿರು ಜೋರಾಗಿರತ್ತೆ, ಹೊಟ್ಟೆ ಆಪರೇಷನ್ ಆಗಿದೆಯಲ್ಲ ಇದೆಲ್ಲಾ ಇದ್ದಿದ್ದೇ ಅಂತ ನಾವು ಸುಮ್ನಾಗ್ತೀವಿ. ಕೀಟೋನ್ ನೋಡಿದ್ರೆ ಮಾತ್ರ ಗೊತ್ತಾಗೋದು. ವಾರಕ್ಕೊಂದು ಸಲ ಹೊಟ್ಟೆಗೆ ಚುಚ್ಕೊಳ್ಳೋ ಸೆಮಾಗ್ಲುಟೈಡ್ ಥರದ ಇಂಜೆಕ್ಷನ್ ತಗೋತಿದ್ರೂ ಹೇಳಿ, ಅದು ಜಠರ ಖಾಲಿಯಾಗೋದನ್ನೇ ನಿಧಾನ ಮಾಡತ್ತೆ, ಅನಸ್ತೇಶಿಯಾ ಡಾಕ್ಟ್ರಿಗೆ ಅದು ಗೊತ್ತಿರಲೇಬೇಕು. ಬಿಪಿ ಮಾತ್ರೇಲಿ ಬೀಟಾ ಬ್ಲಾಕರ್ (ಎದೆಬಡಿತ ನಿಧಾನ ಮಾಡೋ ಔಷಧಿ) ಇದ್ರೆ ಸಾಮಾನ್ಯವಾಗಿ ಆಪರೇಷನ್ ದಿನವೂ ಮುಂದುವರಿಸ್ತಾರೆ, ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ್ದನ್ನ ಆ ದಿನ ಬೆಳಗ್ಗೆ ಬಹಳ ಸಲ ನಿಲ್ಲಿಸ್ತಾರೆ. ನೀವೇ ಊಹೆ ಮಾಡ್ಬೇಡಿ, ಒಂದೊಂದು ಮಾತ್ರೆಗೂ ಕೊಡ್ಬೇಕಾ ಬೇಡ್ವಾ ಅಂತ ಬರೆಸ್ಕೊಳ್ಳಿ.

ಬಿಪಿ ಕಫ್ ಬಗ್ಗೆ ಒಂದು ಮಾತು. ದಪ್ಪ ತೋಳಿಗೆ ಮಾಮೂಲಿ ಕಫ್ ಕಟ್ಟಿದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸತ್ತೆ. ವಾರ್ಡಲ್ಲಿ ಒಂದೇ ಒಂದು ದೊಡ್ಡ ಕಫ್ ಇರತ್ತೆ, ಅದೂ ಯಾವಾಗ್ಲೂ ಬೇರೆ ಕಡೆ ಹೋಗಿರತ್ತೆ. ಹುಡುಕಿ ತಂದು ಆ ಬೆಡ್ ಹತ್ರಾನೇ ಇಟ್ಬಿಡಿ.

ಗೊರಕೆ ಬಗ್ಗೆ ಹೆಂಡ್ತಿ ಹತ್ರ ಕೇಳಿ, ಪೇಷಂಟ್ ಹತ್ರ ಅಲ್ಲ. "ನಡುವೆ ಉಸಿರೇ ನಿಂತೋದಂಗೆ ಆಗತ್ತೆ ಮೇಡಂ, ನಾನೇ ತಟ್ಟಿ ಎಬ್ಬಿಸ್ತೀನಿ" ಅಂತ ಹೇಳಿದ್ರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಮನೇಲಿ ಸಿಪ್ಯಾಪ್ (ಮಲಗಿದಾಗ ಗಾಳಿ ಒತ್ತಿ ಉಸಿರುದಾರಿ ತೆರೆದಿಡೋ) ಮಷೀನ್ ಇದ್ರೆ ಮಾಸ್ಕ್ ಸಮೇತ ತರೋಕೆ ಹೇಳಿ. ಉಸಿರಿನ ವ್ಯಾಯಾಮ ಮಾಡ್ಸೋ ಮೂರು ಬಾಲಿನ ಸ್ಪೈರೋಮೀಟರನ್ನೂ ಇವತ್ತೇ ಕಲಿಸಿ. ಆಪರೇಷನ್ ಆದ್ಮೇಲೆ ನೋವಲ್ಲಿ ಹೊಸದೇನೂ ತಲೆಗೆ ಹೋಗಲ್ಲ. ಊದೋದಲ್ಲ, ಎಳ್ಕೊಳ್ಳೋದು ಅಂತ ಹತ್ತು ಸಲ ಹೇಳ್ಬೇಕು, ಆದ್ರೂ ಊದ್ತಾರೆ.

ಉಪವಾಸದ ವಿಷ್ಯ. ರಾತ್ರಿ 10ರಿಂದ ಹನಿ ನೀರೂ ಇಲ್ಲ ಅನ್ನೋದು ಹಳೇ ರೂಢಿ. ಗಟ್ಟಿ ಆಹಾರ 6 ಗಂಟೆ ಮುಂಚೆ, ತಿಳಿ ನೀರು 2 ಗಂಟೆ ಮುಂಚೆ ತನಕ ಅಂತ ಈಗಿನ ಪದ್ಧತಿ, ಆದ್ರೆ ಜಠರದ ಬಾಯಿ ಕಟ್ಕೊಂಡಿರೋ ಕೇಸಿಗೆ, ಶುಗರ್‌ನಿಂದ ಜಠರ ನಿಧಾನ ಆಗಿರೋವ್ರಿಗೆ ಇದು ಅನ್ವಯಿಸಲ್ಲ, ಅನಸ್ತೇಶಿಯಾದವ್ರು ಹೇಳಿದ್ದೇ ಸರಿ. ಶುಗರ್ ಪೇಷಂಟನ್ನ ಒಟಿ (ಆಪರೇಷನ್ ಥಿಯೇಟರ್) ಲಿಸ್ಟಲ್ಲಿ ಮೊದಲನೇ ಕೇಸ್ ಮಾಡ್ಸೋಕೆ ಕೇಳ್ಕೊಳ್ಳಿ, ಇಲ್ಲಾಂದ್ರೆ ಮಧ್ಯಾಹ್ನ ಎರಡರ ತನಕ ಅವ್ರ ಶುಗರ್ ಹಿಂದೆ ಓಡೋದು ನೀವೇ. ಕೂದಲು ಕ್ಲಿಪ್ಪರಲ್ಲಿ ತೆಗೀರಿ, ಬ್ಲೇಡ್ ಬೇಡ. ಹೊಟ್ಟೆ ಮಡಿಕೆ ಎತ್ತಿ ಒಳಗೆ ನೋಡಿ, ಅಲ್ಲಿ ಕೆಂಪಗೆ ಫಂಗಸ್ ಇದ್ರೆ ಇವತ್ತೇ ಹೇಳಿ.

ಒಟಿಯಿಂದ ವಾಪಸ್ ಬಂದ್ಮೇಲೆ

ಬೆಡ್ಡಿಗೆ ಹಾಕಿದ ತಕ್ಷಣ ಒಟಿ ನೋಟ್ಸ್ ಓದಿ. ಅರ್ಧ ತೆಗೆದಿದಾರಾ, ಪೂರ್ತಿ ತೆಗೆದಿದಾರಾ, ಉಳಿದಿದ್ದನ್ನ ಕರುಳಿಗೆ ಜೋಡಿಸಿರೋ ರೀತಿ ಬಿಲ್ರಾತ್ 1 ಅಥವಾ 2, ಇಲ್ಲ ರೂ ಎನ್ ವೈನಾ ಅಂತ ತಿಳ್ಕೊಂಡ್ರೆ ಮುಂದಿನದೆಲ್ಲಾ ಅರ್ಥ ಆಗತ್ತೆ. ಈ ಬಿಲ್ರಾತ್ ಅನ್ನೋರು 1881ರಲ್ಲಿ ವಿಯೆನ್ನಾದಲ್ಲಿ ಕ್ಯಾನ್ಸರ್ ಪೇಷಂಟ್ ಒಬ್ಬರ ಜಠರದ ಭಾಗ ತೆಗೆದು ಮೊದಲ ಸಲ ಗೆದ್ದ ಸರ್ಜನ್, ಅದೇ ವರ್ಷ ರೋಗಿ ಆರೈಕೆ ಬಗ್ಗೆನೂ ಒಂದು ಕೈಪಿಡಿ ಬರೆದ್ರು. ನಮ್ಮ ರೌಂಡ್ಸಲ್ಲಿ ಸಿಸ್ಟರ್ ಮಾತಿಗೆ ಕಿವಿ ಕೊಡದೆ ಹೋಗೋರಿಗೆ ಯಾರಾದ್ರೂ ಇದನ್ನ ಹೇಳ್ಬೇಕು.

ರೈಲ್ಸ್ ಟ್ಯೂಬ್ ಹಿಂದೆ ಮುಂದೆ ತಳ್ಳೋದು, ಸಿರಿಂಜಲ್ಲಿ ನೀರು ಹಾಕಿ ಫ್ಲಶ್ ಮಾಡೋದು ಇದ್ಯಾವುದೂ ಸರ್ಜನ್ ಹೇಳದೆ ಮಾಡ್ಬೇಡಿ, ತುದಿ ಹೊಸ ಹೊಲಿಗೆ ಹತ್ರಾನೇ ಇರತ್ತೆ. ಜಾರಿ ಹೊರಗೆ ಬಂದ್ರೆ ನೀವೇ ಮತ್ತೆ ಹಾಕ್ಬೇಡಿ, ಫೋನ್ ಮಾಡಿ. ತಲೆ ಕಡೆ 30ರಿಂದ 45 ಡಿಗ್ರಿ ಎತ್ತಿಡಿ, ದಪ್ಪ ಇರೋರು ಚಪ್ಪಟೆ ಮಲಗಿದ್ರೆ ಹೊಟ್ಟೆ ಭಾರವೆಲ್ಲಾ ಶ್ವಾಸಕೋಶದ ಮೇಲೆ ಬೀಳತ್ತೆ. ಟ್ರಮಡಾಲ್, ಮಾರ್ಫಿನ್, ಫೆಂಟನಿಲ್ ಥರ ಉಸಿರು ನಿಧಾನ ಮಾಡೋ ನೋವಿನ ಔಷಧಿ ಏನೇ ಕೊಟ್ಟಿದ್ರೂ ಬರೀ ಸ್ಯಾಚುರೇಷನ್ ನೋಡಿ ಸಮಾಧಾನ ಆಗ್ಬೇಡಿ, ಆಕ್ಸಿಜನ್ ಹೋಗ್ತಿರುವಾಗ ನಂಬರ್ 98 ಇದ್ದೇ ಇರತ್ತೆ, ಉಸಿರು ಮಾತ್ರ ನಿಮಿಷಕ್ಕೆ ಎಂಟಕ್ಕೆ ಇಳಿದಿರತ್ತೆ. ಗಡಿಯಾರ ನೋಡ್ಕೊಂಡು ಪೂರ್ತಿ ಒಂದು ನಿಮಿಷ ಎದೆ ಏಳೋದನ್ನ ಎಣಿಸಿ, ಕೂಗಿದ್ರೆ ಕಣ್ಣು ಬಿಡ್ತಾರಾ ನೋಡಿ. ಗೊರಕೆ ಪೇಷಂಟ್ "ಚೆನ್ನಾಗಿ ನಿದ್ದೆ ಮಾಡ್ತಿದಾರೆ" ಅಂತ ಅಟೆಂಡರ್ ಹೇಳಿದಾಗಲೇ ನಾನು ಎದ್ದು ಹೋಗೋದು.

ಶುಗರ್. ಏನೂ ತಿಂದಿಲ್ಲ, 240 ಹೇಗೆ ಬಂತು ಸಿಸ್ಟರ್ ಅಂತ ಎಲ್ರೂ ಕೇಳ್ತಾರೆ. ಆಪರೇಷನ್ ಅನ್ನೋದೇ ದೇಹಕ್ಕೆ ದೊಡ್ಡ ಪೆಟ್ಟು, ಕಾರ್ಟಿಸಾಲ್, ಅಡ್ರಿನಲಿನ್ ಎಲ್ಲಾ ಏರಿ ಲಿವರಿಂದ ಸಕ್ಕರೆ ಸುರಿಯತ್ತೆ, ಮೊದಲೇ ಇನ್ಸುಲಿನ್ ಮಾತು ಕೇಳದ ದೇಹ, ಇನ್ನು ಕೇಳ್ಬೇಕಾ. ಸಾಮಾನ್ಯವಾಗಿ 180ರ ಒಳಗೆ ಇರಲಿ, 100ಕ್ಕಿಂತ ಕೆಳಗೆ ಬೇಡ ಅಂತ ಗುರಿ ಇಟ್ಕೋತಾರೆ. ಇನ್ಸುಲಿನ್ ಡ್ರಿಪ್ ಇದ್ರೆ ಗಂಟೆಗೊಮ್ಮೆ ಜಿಆರ್‌ಬಿಎಸ್, ಜೊತೆಗೆ ಪೊಟ್ಯಾಶಿಯಂ ರಿಪೋರ್ಟ್ ಮೇಲೂ ಕಣ್ಣಿರಲಿ, ಇನ್ಸುಲಿನ್ ಅದನ್ನ ಜೀವಕೋಶದ ಒಳಗೆ ಎಳ್ಕೊಂಡು ರಕ್ತದಲ್ಲಿ ಕಮ್ಮಿ ಮಾಡತ್ತೆ. ಡೆಕ್ಸ್ಟ್ರೋಸ್ (ಗ್ಲೂಕೋಸ್) ಡ್ರಿಪ್ ಹೋಗ್ತಿರೋ ಕೈಯಿಂದ ರಕ್ತ ತೆಗೆದು ಶುಗರ್ ನೋಡ್ಬೇಡಿ, ಸ್ಪಿರಿಟ್ ಒಣಗಿದ್ಮೇಲೆ ಚುಚ್ಚಿ.

ಸಿರಿಂಜ್ ವಿಷ್ಯ ಸ್ವಲ್ಪ ನಿಂತು ಓದಿ. ನಮ್ಮಲ್ಲಿ ಎಂಎಲ್‌ಗೆ 40 ಯೂನಿಟ್ ಇರೋ ಇನ್ಸುಲಿನ್ ವಯಲೂ ಇವೆ, 100 ಯೂನಿಟ್ ಇರೋವೂ ಇವೆ. 40ರದ್ದಕ್ಕೆ ಕೆಂಪು ಕ್ಯಾಪ್ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಕ್ಯಾಪ್. ನೂರರ ಇನ್ಸುಲಿನನ್ನ ಕೆಂಪು ಕ್ಯಾಪ್ ಸಿರಿಂಜಲ್ಲಿ 10 ಗೆರೆ ತನಕ ಎಳೆದ್ರೆ ಒಳಗೆ ಹೋಗೋದು 25 ಯೂನಿಟ್. ಬಾಯಿಂದ ಏನೂ ತಗೊಳ್ದೆ ಇರೋ ಪೇಷಂಟ್‌ಗೆ ಇದು ಪ್ರಾಣಕ್ಕೇ ಬರತ್ತೆ. ವಯಲ್ ಮೇಲಿನ ನಂಬರು, ಕ್ಯಾಪ್ ಬಣ್ಣ, ಎರಡನ್ನೂ ಇನ್ನೊಬ್ಬ ಸಿಸ್ಟರ್‌ಗೆ ತೋರಿಸಿ ಕೊಡಿ, ನಾಚ್ಕೆ ಪಡೋ ವಿಷ್ಯ ಅಲ್ಲ. ಇಂಥವ್ರ ಶುಗರ್ 70ಕ್ಕಿಂತ ಕೆಳಗೆ ಹೋದ್ರೆ ಬಾಯಿಗೆ ಸಕ್ಕರೆ ನೀರು ಹಾಕೋ ಹಾಗಿಲ್ಲ, ಇನ್ಸುಲಿನ್ ನಿಲ್ಲಿಸಿ ಡಾಕ್ಟ್ರಿಗೆ ಹೇಳಿ ಕ್ಯಾನುಲಾದಲ್ಲೇ ಡೆಕ್ಸ್ಟ್ರೋಸ್, 15 ನಿಮಿಷಕ್ಕೆ ಮತ್ತೆ ಚೆಕ್. ಬೀಟಾ ಬ್ಲಾಕರ್ ತಗೊಳ್ಳೋರಿಗೆ ಕೈ ನಡುಕ, ಎದೆ ಡವಡವ ಕಾಣದೇ ಇರಬಹುದು, ಬೆವರು ಮಾತ್ರ ಬರತ್ತೆ. ಎಸಿ ವಾರ್ಡಲ್ಲಿ ತಲೆದಿಂಬು ಒದ್ದೆಯಾಗಿದ್ರೆ ಶುಗರ್ ನೋಡಿ.

ಈಗ ನನ್ನದೇ ಒಂದು ತಪ್ಪು ಹೇಳ್ತೀನಿ. ಮಂಡ್ಯ ಕಡೆಯ ಒಬ್ಬ ಅಮ್ಮ, ಐವತ್ತು ದಾಟಿದ್ರು, ಶುಗರ್ ಬಿಪಿ ಎರಡೂ ಇತ್ತು, ಮೆಟೋಪ್ರೊಲಾಲ್ ಅನ್ನೋ ಬೀಟಾ ಬ್ಲಾಕರ್ ನಡೀತಿತ್ತು. ಮೂರನೇ ದಿನ ನೈಟ್ ಡ್ಯೂಟಿ ನಂದು. ಡ್ರೆಸಿಂಗ್ ಒಣಗಿದೆ, ಜ್ವರ ಇಲ್ಲ, ಬಿಪಿ ಚೆನ್ನಾಗಿದೆ, ಪಲ್ಸ್ ಮಾತ್ರ ಸಂಜೆ 84 ಇದ್ದಿದ್ದು ರಾತ್ರಿ 96, ಒಂದು ಗಂಟೆಗೆ 108. "ಏನೋ ಒಂಥರಾ ಸಂಕಟ ಕಣವ್ವ, ಎಡಗಡೆ ಭುಜ ನೋಯ್ತದೆ" ಅಂದ್ರು. ಮಲಗಿದ ಭಂಗಿ ಸರಿಯಿಲ್ಲ ಅಂತ ದಿಂಬು ಸರಿ ಮಾಡ್ದೆ, ಡ್ಯೂಟಿ ಡಾಕ್ಟ್ರಿಗೆ ಭುಜ ನೋವು ಅಂತ ಮಾತ್ರ ಹೇಳಿ ನೋವಿನ ಇಂಜೆಕ್ಷನ್ ಕೇಳಿ ಕೊಟ್ಟೆ, ಪಲ್ಸ್ ಏರ್ತಿದೆ ಅಂತ ಹೇಳ್ಲಿಲ್ಲ. ಬೆಳಗ್ಗೆ ಐದಕ್ಕೆ 122, ಡ್ರೈನಲ್ಲಿ ತಿಳಿ ಗುಲಾಬಿ ಇದ್ದಿದ್ದು ಕದಡಿದ ಹಸಿರಾಗಿತ್ತು. ಲೀಕ್, ಅಂದ್ರೆ ಒಳಗಿನ ಜೋಡಣೆ ಸೋರ್ತಿತ್ತು. ಮತ್ತೆ ಒಟಿಗೆ ಹೋದ್ರು, ಬಹಳ ದಿನ ಐಸಿಯುನಲ್ಲಿದ್ದು ಉಳ್ಕೊಂಡ್ರು. ಬೀಟಾ ಬ್ಲಾಕರ್ ಮೇಲಿರೋರ 108 ಅಂದ್ರೆ ಬೇರೆಯವ್ರ ನೂರಿಪ್ಪತ್ತಕ್ಕೂ ಹೆಚ್ಚಿಗೆ ಭಯ ಪಡ್ಬೇಕು ಅನ್ನೋದು ಅವತ್ತು ತಲೆಗೆ ಹೊಳೀಲಿಲ್ಲ. ಈಗ ಹ್ಯಾಂಡೋವರ್ ಕೊಡೋವಾಗ ಪಲ್ಸ್ ಎಷ್ಟು ಅಂತಲ್ಲ, ಎಷ್ಟರಿಂದ ಎಷ್ಟಕ್ಕೆ ಬಂತು ಅಂತ ಹೇಳ್ತೀನಿ, ಡ್ರೈನ್ ಎಷ್ಟು ಎಂಎಲ್ ಜೊತೆ ಯಾವ ಬಣ್ಣ, ಏನು ವಾಸನೆ ಅಂತಾನೂ ಬರೀತೀನಿ. ಪಲ್ಸ್ ಏರಿಕೆ, ಭುಜ ನೋವು, ಜೋರುಸಿರು, ಕಾರಣ ಇಲ್ಲದ ಗಾಬರಿ, ಶುಗರ್ ಇದ್ದಕ್ಕಿದ್ದಂಗೆ ಕಂಟ್ರೋಲ್ ತಪ್ಪೋದು, ಇದ್ರಲ್ಲಿ ಎರಡು ಒಟ್ಟಿಗೆ ಕಂಡ್ರೆ ಜ್ವರ ಬರಲಿ ಅಂತ ಕಾಯ್ಬೇಡಿ.

ಕಾಲು ನೋಡೋದು ಮರೀಬೇಡಿ. ಬೊಜ್ಜು, ಕ್ಯಾನ್ಸರ್, ಹೊಟ್ಟೆ ಆಪರೇಷನ್ ಮೂರೂ ರಕ್ತ ಹೆಪ್ಪುಗಟ್ಟಿಸೋವೇ. ಒಂದು ಮೀನಖಂಡ ಇನ್ನೊಂದಕ್ಕಿಂತ ಊದಿದ್ರೆ, ಮುಟ್ಟಿದ್ರೆ ನೋವು ಅಂದ್ರೆ ತಿಕ್ಕಬೇಡಿ, ಅಟೆಂಡರ್‌ಗೂ ಎಣ್ಣೆ ಹಚ್ಚಿ ನೀವ್ಬೇಡಿ ಅಂತ ಹೇಳಿ, ನಮ್ಮೋರಿಗೆ ಕಾಲು ಒತ್ತೋದೇ ಪ್ರೀತಿ ತೋರ್ಸೋ ದಾರಿ. ಎನಾಕ್ಸಪರಿನ್ (ರಕ್ತ ಹೆಪ್ಪುಗಟ್ಟದಂಗೆ ಕೊಡೋ ಇಂಜೆಕ್ಷನ್) ಕೊಡುವಾಗ ಹೊಕ್ಕುಳಿಂದ ಎರಡು ಇಂಚು ದೂರ, ಗಾಯದ ಹತ್ರ ಬೇಡ, ಪ್ರೀಫಿಲ್ಡ್ ಸಿರಿಂಜಿನ ಗಾಳಿಗುಳ್ಳೆ ಹೊರಗೆ ಹಾಕ್ಬೇಡಿ, ಚುಚ್ಚಿದ್ಮೇಲೆ ಉಜ್ಜಬೇಡಿ. ಡಾಕ್ಟ್ರು ಬೇಡ ಅಂದಿಲ್ಲಾಂದ್ರೆ ಮಾರನೇ ದಿನ ಬೆಳಗ್ಗೆ ಕುರ್ಚಿಗೆ ಕೂರಿಸಿ, ಆಮೇಲೆ ನಾಲ್ಕು ಹೆಜ್ಜೆ ನಡೆಸಿ. 110 ಕೆಜಿ ಪೇಷಂಟನ್ನ ಒಬ್ರೇ ಎಬ್ಬಿಸೋಕೆ ಹೋಗಿ ನಿಮ್ಮ ಸೊಂಟ ಮುರ್ಕೊಬೇಡಿ, ಇಬ್ರು ಇಲ್ಲದೆ ನಾನಂತೂ ಮುಟ್ಟಲ್ಲ.

ಗಾಯಕ್ಕೆ ಬರೋಣ. ದಪ್ಪ ಕೊಬ್ಬಿನ ಪದರಕ್ಕೆ ರಕ್ತ ಓಡಾಟ ಕಮ್ಮಿ, ಶುಗರ್ ಬೇರೆ, ನಿಧಾನಕ್ಕೆ ಒಣಗತ್ತೆ. ಕೆಮ್ಮುವಾಗ ದಿಂಬು ಅಪ್ಕೊಂಡು ಕೆಮ್ಮೋಕೆ ಕಲಿಸಿ. ಐದು ದಿನ ದಾಟಿದ್ಮೇಲೆ ಒಣಗಿದ್ದ ಡ್ರೆಸಿಂಗ್ ಇದ್ದಕ್ಕಿದ್ದಂಗೆ ತಿಳಿ ಕೆಂಪು ನೀರಲ್ಲಿ ನೆನೆದ್ರೆ ಒಳಗಿನ ಹೊಲಿಗೆ ಬಿಡ್ತಿದೆ ಅಂತ ಅನುಮಾನ ಪಡಿ, ಮಲಗಿಸಿ, ಸ್ಟೆರೈಲ್ ಸಲೈನ್ ಗಾಜ್ ಮುಚ್ಚಿ, ಸರ್ಜನ್‌ನ ಕರೆಸಿ.

ಊಟ, ಇದೇ ದೊಡ್ಡ ಯುದ್ಧ

ಡಾಕ್ಟ್ರು ಬಾಯಿಗೆ ಶುರು ಮಾಡಿ ಅಂದ್ಮೇಲೆ 30 ಎಂಎಲ್ ಔಷಧಿ ಕಪ್ಪಲ್ಲಿ ಗುಟುಕು ಗುಟುಕಾಗಿ. ಲೋಟ ಕೈಗೆ ಕೊಟ್ರೆ ಕೆಟ್ರಿ. ಪರದೆ ಹಿಂದೆ ಎಳನೀರು, ಕಾಫಿ, ಗ್ಲೂಕೋಸ್ ನೀರು ಎಲ್ಲಾ ನಡೀತಿರತ್ತೆ, "ಗಂಟಲು ಒಣಗಿತ್ತು, ಒಂದೇ ಗುಟುಕು" ಅಂತಾರೆ. ಬೈದು ಉಪಯೋಗ ಇಲ್ಲ, ಒಂದು ಪೇಪರಲ್ಲಿ ಸಂಚಿ ಥರ ಜಠರ ಬರೆದು ಈಗ ಇಷ್ಟೇ ಉಳಿದಿದೆ ಅಂತ ತೋರಿಸಿ, ಅರ್ಥ ಆಗತ್ತೆ.

ಆಮೇಲೆ ಸೋಸಿದ ಗಂಜಿ, ಬೇಳೆ ಕಟ್ಟು, ಮೆತ್ತಗಿನ ಇಡ್ಲಿ, ಮೊಟ್ಟೆ ಬಿಳಿ ಅಂತ ಹಂತ ಹಂತವಾಗಿ, ದಿನಕ್ಕೆ ಆರು ಸಲ, ತಟ್ಟೇಲಿ ಮೊದ್ಲು ಪ್ರೋಟೀನ್. ನೀರು ಊಟದ ಜೊತೆ ಅಲ್ಲ, ಅರ್ಧ ಗಂಟೆ ಬಿಟ್ಟು. ನಮ್ಮ ಕಡೆ ಪೇಷಂಟ್‌ಗೆ ಬಿಡಿಸಿ ಹೇಳ್ಬೇಕಾದ್ದು ಮುದ್ದೆ ವಿಷ್ಯ. ಹುಟ್ಟಿದಾಗಿಂದ ಮುದ್ದೆ ನುಂಗಿರೋರು, ಅಗಿದು ಗೊತ್ತೇ ಇಲ್ಲ, ಅರ್ಧ ಜಠರ ಇಲ್ಲದೋರು ನಿಂಬೆ ಗಾತ್ರದ ತುತ್ತು ನುಂಗಿದ್ರೆ ಎದೇಲೇ ನಿಂತ್ಬಿಡತ್ತೆ. ರಾಗಿ ಬೇಕೇ ಬೇಕು ಅಂದ್ರೆ ತೆಳ್ಳಗೆ ಗಂಜಿ ಮಾಡಿ, ಸಕ್ಕರೆ ಬೆಲ್ಲ ಇಲ್ಲದೆ. ನುಗ್ಗೆಕಾಯಿ ನಾರು, ಕಿತ್ತಳೆ ತೊಳೆ ಸಿಪ್ಪೆ ನುಂಗೋದು ಬೇಡ, ಒಳಗೆ ಉಂಡೆ ಕಟ್ಕೊಳ್ಳತ್ತೆ.

ಸಿಹಿ ತಿಂದು ಹತ್ತು ನಿಮಿಷ, ಅರ್ಧ ಗಂಟೆಗೆ ಹೊಟ್ಟೆ ನುಲಿದು, ಬೇಧಿ, ತಲೆ ಸುತ್ತು, ಬೆವರು ಬಂದ್ರೆ ಅದು ಡಂಪಿಂಗ್, ತಿಂದಿದ್ದು ಒಮ್ಮೆಲೇ ಕರುಳಿಗೆ ಸುರಿಯೋದು. ಒಂದರಿಂದ ಮೂರು ಗಂಟೆ ಬಿಟ್ಟು ಬರೋದು ಇನ್ನೊಂದು ಥರ, ಅಲ್ಲಿ ಶುಗರ್ ಕುಸಿದಿರತ್ತೆ. ಶುಗರ್ ಪೇಷಂಟ್‌ಗೆ ಎರಡೂ ಒಂದೇ ಥರ ಅನ್ಸತ್ತೆ, ಹಾಗಾಗಿ ಮನೆಗೆ ಕಳ್ಸೋ ಮುಂಚೆ ಗ್ಲೂಕೋಮೀಟರ್ ಹಿಡಿಯೋದನ್ನ ಪೇಷಂಟ್‌ಗಲ್ಲದೆ ಅಡುಗೆ ಮಾಡೋರಿಗೂ ಕಲಿಸಿ. ಹಳೇ ಶುಗರ್, ಬಿಪಿ ಮಾತ್ರೆ ಹಳೇ ಡೋಸಲ್ಲೇ ಮುಂದುವರಿಸ್ಬೇಡಿ ಅಂತ ಒತ್ತಿ ಹೇಳಿ, ಊಟ ಕಮ್ಮಿಯಾಗಿ ತೂಕ ಇಳಿಯುವಾಗ ಎರಡೂ ಇಳಿಯತ್ತೆ. ಎಸ್‌ಆರ್ (ನಿಧಾನಕ್ಕೆ ಔಷಧಿ ಬಿಡೋದು) ಅಂತ ಬರೆದಿರೋ ಮಾತ್ರೆ ಪುಡಿ ಮಾಡೋ ಹಾಗಿಲ್ಲ, ನುಂಗೋಕೆ ಕಷ್ಟ ಅಂದ್ರೆ ಬದಲಿಸಿ ಬರೆಸ್ಕೊಳ್ಳಿ. ವಾಂತಿ ನಿಲ್ತಾನೇ ಇಲ್ಲ ಅಂದ್ರೆ ವಾಪಸ್ ಬರ್ಬೇಕು, ಥಯಮಿನ್ (ವಿಟಮಿನ್ ಬಿ1) ಕಮ್ಮಿಯಾಗಿ ನಡಿಗೆ ತಪ್ಪತ್ತೆ, ಕಣ್ಣು ಎರಡೆರಡು ಕಾಣತ್ತೆ.

ಪೂರ್ತಿ ಜಠರ ತೆಗೆದೋರಿಗೆ ಬಿ12 ಇಂಜೆಕ್ಷನ್ ಜೀವನ ಪೂರ್ತಿ. ದೇಹದಲ್ಲಿ ಹಳೇ ದಾಸ್ತಾನು ಇರೋದ್ರಿಂದ ವರ್ಷಗಟ್ಲೆ ಏನೂ ಗೊತ್ತಾಗಲ್ಲ, ಅದಕ್ಕೇ ಬಿಟ್ಬಿಡ್ತಾರೆ, ಆಮೇಲೆ ಕಾಲು ಜೋಮು ಅಂತ ಬರ್ತಾರೆ. ಡಿಸ್ಚಾರ್ಜ್ ಕಾರ್ಡಲ್ಲಿ ಬರೆದ್ರೆ ಅದು ಬೀರು ಸೇರತ್ತೆ. ನಾನು ಅಟೆಂಡರ್ ಫೋನಲ್ಲೇ ಮುಂದಿನ ಮೂರು ಇಂಜೆಕ್ಷನ್ ತಾರೀಖಿಗೆ ಅಲಾರಂ ಇಡಿಸ್ತೀನಿ, ಮನೇಲಿ ಗೋಡೆ ಕ್ಯಾಲೆಂಡರ್ ಇದ್ರೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಫೋಟೋ ಕಳ್ಸಿ ಅಂತೀನಿ. ಅರ್ಧ ಜನ ಕಳಿಸ್ತಾರೆ.