ಕಷ್ಟದ ದಿನಗಳಲ್ಲಿ ನಮ್ಮ ಪರವಾಗಿ ನಾವೇ ನಿಲ್ಲುವುದು ಹೇಗೆ?

ಕೆಲಸ ಹೋದಾಗ, ಸಂಬಂಧ ಮುರಿದಾಗ, ಅಂದುಕೊಂಡದ್ದು ಕೈಕೊಟ್ಟಾಗ ನಾವು ಮೊದಲು ಬೈಯುವುದು ನಮ್ಮನ್ನೇ. ‘ನಿನ್ನ ಕೈಲಿ ಏನೂ ಆಗಲ್ಲ’, ‘ಎಲ್ಲಾ ನಿನ್ನಿಂದಲೇ ಆಗಿದ್ದು’. ಸಂಕಟದಲ್ಲಿರುವ ಗೆಳತಿಗೆ ಇದೇ ಮಾತು ಹೇಳುತ್ತೇವಾ? ಇಲ್ಲ ಅಲ್ವಾ. ನಮ್ಮನ್ನು ನಾವು ಪ್ರೀತಿಸುವುದು ಶುರುವಾಗುವುದೇ ಈ ದನಿಯನ್ನು ಬದಲಾಯಿಸಿಕೊಳ್ಳುವುದರಿಂದ.

ಮೊದಲು ಮೈಯನ್ನು ಸಮಾಧಾನ ಮಾಡಿ

ಎದೆ ಡವಡವ ಹೊಡೆದುಕೊಳ್ಳುವಾಗ ಯಾವ ಬುದ್ಧಿಮಾತೂ ತಲೆಗೆ ಹೋಗುವುದಿಲ್ಲ. ಕುಳಿತುಕೊಳ್ಳಿ, ಪಾದ ನೆಲಕ್ಕೆ ಊರಿರಲಿ. 4 ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಳ್ಳಿ, 6 ಎಣಿಸುವಷ್ಟು ಹೊತ್ತು ಬಿಡಿ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ತುಸು ನಿಧಾನವಾಗುತ್ತದೆ. ಅದಕ್ಕೇ ಬಿಡುವ ಉಸಿರು ಉದ್ದವಾಗಿರಬೇಕು. ಐದು ನಿಮಿಷ ಸಾಕು.

ಏನಾಗುತ್ತಿದೆ ಅಂತ ಹೆಸರಿಡಿ

‘ಬೇಜಾರು’ ಅಂದುಬಿಟ್ಟರೆ ಎಲ್ಲವೂ ಅದರೊಳಗೇ ಅಡಗಿಬಿಡುತ್ತದೆ. ಅದು ಕೋಪವಾ, ಭಯವಾ, ಅವಮಾನವಾ, ಒಂಟಿತನವಾ? ಬಿಡಿಸಿ ನೋಡಿ. ಭಾವನೆಗೆ ಹೆಸರು ಕೊಟ್ಟಾಗ ಮಿದುಳಿನ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಅವರ ತಂಡ 2007ರಲ್ಲಿ ತೋರಿಸಿತ್ತು. ಅಪಾಯದ ಗಂಟೆ ಬಾರಿಸುವುದರಲ್ಲಿ ಆ ಭಾಗದ ಪಾತ್ರ ದೊಡ್ಡದು.

ಈಗ ದನಿ ಬದಲಾಯಿಸಿ

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಸಂದರ್ಶನದಲ್ಲಿ ಮಾತು ತಡವರಿಸಿ ಕೆಲಸ ಕೈತಪ್ಪಿದೆ ಅಂದುಕೊಳ್ಳಿ. ಒಂದು ಹಾಳೆಯಲ್ಲಿ ಒಳಗಿನ ಬೈಗುಳವನ್ನು ಹಾಗೆಯೇ ಬರೆಯಿರಿ: ‘ನಾನು ದಡ್ಡ, ಯಾರೂ ನನ್ನನ್ನು ತಗೊಳ್ಳಲ್ಲ’. ಅದರ ಕೆಳಗೆ, ಇದನ್ನು ಗೆಳೆಯನೊಬ್ಬ ಹೇಳಿಕೊಂಡ ಎಂಬಂತೆ ಉತ್ತರ ಬರೆಯಿರಿ. ನಿಮ್ಮ ಹೆಸರು ಹಿಡಿದೇ ಕರೆಯಿರಿ: ‘ನೋಡು, ಇವತ್ತು ಗಾಬರಿಯಾಯಿತು. ಎರಡು ಪ್ರಶ್ನೆಗೆ ತಯಾರಿ ಸಾಲಲಿಲ್ಲ. ಇದು ಎಷ್ಟೋ ಜನರಿಗೆ ಆಗುತ್ತದೆ. ನಾಳೆ ಆ ಎರಡನ್ನೂ ಓದೋಣ’.

ಈ ಉತ್ತರದಲ್ಲಿ ಮೂರು ಸಂಗತಿಗಳಿವೆ: ಆದದ್ದನ್ನು ಇದ್ದ ಹಾಗೇ ನೋಡುವುದು, ನಾನೊಬ್ಬನೇ ಹೀಗಲ್ಲ ಎಂಬ ಅರಿವು, ಮೃದು ಮಾತು. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಸ್ವಕರುಣೆಯನ್ನು ವಿವರಿಸಿದ್ದು ಈ ಮೂರರಿಂದಲೇ.

ಹೀಗೆ ಮಾಡಿದರೆ ಸೋಮಾರಿಯಾಗುತ್ತೇವೆ ಅಂತ ಹಲವರಿಗೆ ಹೆದರಿಕೆ. ನಿಜ ಅಂದರೆ ಉಲ್ಟಾ. 2012ರ ಒಂದು ಅಧ್ಯಯನದಲ್ಲಿ ಕಠಿಣ ಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿಗಳ ಪೈಕಿ, ತಮ್ಮನ್ನು ತಾವು ಕರುಣೆಯಿಂದ ನೋಡಿಕೊಳ್ಳುವಂತೆ ಹೇಳಿಸಿಕೊಂಡವರೇ ಮುಂದಿನ ಪರೀಕ್ಷೆಗೆ ಜಾಸ್ತಿ ಹೊತ್ತು ಓದಿದರು. ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳಿ, ಆದರೆ ಅದಕ್ಕಾಗಿ ನಿಮ್ಮನ್ನೇ ಹೊಡೆದುಕೊಳ್ಳಬೇಡಿ.

ದಿನದ ಚೌಕಟ್ಟು ಬಿಡಬೇಡಿ

ಹೊತ್ತಿಗೆ ಸರಿಯಾಗಿ ಊಟ, ಒಂದಷ್ಟು ನಡಿಗೆ, ಏಳು ಗಂಟೆಯಾದರೂ ನಿದ್ದೆ. ಮಲಗುವಾಗ ಫೋನ್ ಕೈಗೆ ಸಿಗದಷ್ಟು ದೂರ ಇರಲಿ. ಎಲ್ಲವೂ ಆಗದ ದಿನ ಸ್ನಾನ ಒಂದೇ ಆದರೂ ಸರಿ.

ಒಬ್ಬರಿಗಾದರೂ ಹೇಳಿ

‘ಸಲಹೆ ಬೇಡ, ಸುಮ್ನೆ ಕೇಳು ಸಾಕು’ ಅಂತ ಮೊದಲೇ ಹೇಳಿದರೆ ಕೇಳುವವರಿಗೂ ಸುಲಭ. ಎರಡು ವಾರ ಕಳೆದರೂ ಮನಸ್ಸು ಮೇಲೇಳದಿದ್ದರೆ, ನಿದ್ದೆ, ಹಸಿವು, ಕೆಲಸ ಎಲ್ಲವೂ ಕೆಟ್ಟಿದ್ದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಯಾವಾಗಿನಿಂದ ಹೀಗಿದೆ, ನಿದ್ದೆ ಎಷ್ಟು, ಏನು ಮಾಡಲಾಗುತ್ತಿಲ್ಲ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಮಾತು ಹೊರಡದಿದ್ದರೆ ಚೀಟಿ ಕೊಟ್ಟರಾಯಿತು. ಬದುಕೇ ಬೇಡ ಅನ್ನಿಸಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ಆ ಗಳಿಗೆಯಲ್ಲೇ ಹತ್ತಿರದವರನ್ನು ಕರೆಯಿರಿ, ಅವರ ಜೊತೆಗೇ ಆಸ್ಪತ್ರೆಗೆ ಹೋಗಿ.