ಊರಿನ ನೀರಿಗೆ ದರ ಗೊತ್ತುಮಾಡುವುದು ಹೇಗೆ?

‘ಪಕ್ಕದೂರಲ್ಲಿ ತಿಂಗಳಿಗೆ 100 ರೂಪಾಯಿ, ನಮ್ಮಲ್ಲೂ ಅಷ್ಟೇ ಇರಲಿ ಬಿಡಿ.’ ಗ್ರಾಮಸಭೆಗಳಲ್ಲಿ ನೀರಿನ ದರ ಹೀಗೆ ತೀರ್ಮಾನವಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಬೋರ್‌ವೆಲ್‌ನ ಆಳ ಬೇರೆ, ಕರೆಂಟ್ ಬಿಲ್ ಬೇರೆ. ಏಪ್ರಿಲ್‌ನಲ್ಲಿ ಮೋಟಾರ್ ಸುಟ್ಟಾಗ ಖಾತೆಯಲ್ಲಿ ದುಡ್ಡಿರುವುದಿಲ್ಲ. ಹೆಂಗಸರು ಕೊಡ ಹಿಡಿದು ತೋಟದ ಪಂಪ್‌ಸೆಟ್ ಹುಡುಕಿಕೊಂಡು ಹೋಗುತ್ತಾರೆ.

ಮೊದಲು ಖರ್ಚು ಬರೆಯಿರಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಕೂತು 12 ತಿಂಗಳ ಬಿಲ್ ತೆಗೆಸಿ. ಒಂದು ತಿಂಗಳದ್ದು ಸಾಲದು, ಬೇಸಿಗೆಯಲ್ಲಿ ಮೋಟಾರ್ ಜಾಸ್ತಿ ಹೊತ್ತು ಓಡುತ್ತದೆ. ಒಂದು ಊರನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ತಿಂಗಳಿಗೆ ಕರೆಂಟ್ 30,000, ನೀರು ಬಿಡುವ ನೀರುಗಂಟಿಯ ಸಂಬಳ 18,000, ಬ್ಲೀಚಿಂಗ್ ಪೌಡರ್‌ಗೂ ರಿಪೇರಿಗೂ ಸೇರಿ 12,000, ಪೈಪಿಗೂ ಟ್ಯಾಂಕಿಗೂ ಸೇರಿ 4,000. ಹೊಸ ಮೋಟಾರಿಗೆ 1,20,000 ಬೇಕು, ಐದು ವರ್ಷ ಬಾಳುತ್ತದೆ ಅಂದುಕೊಂಡರೆ ತಿಂಗಳಿಗೆ 2,000 ತೆಗೆದಿಡಬೇಕು. ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಒಟ್ಟು 66,000.



ಈಗ ಎಲ್ಲರೂ ಎಡವುವ ಜಾಗ: ಈ 66,000ವನ್ನು ಯಾವುದರಿಂದ ಭಾಗಿಸುವುದು?

ಊರಲ್ಲಿ 400 ಮನೆ, ಮನೆಗೆ ಐದು ಜನ. ಜಲ ಜೀವನ್ ಮಿಷನ್ ಅಳತೆಯಂತೆ ತಲೆಗೆ ದಿನಕ್ಕೆ 55 ಲೀಟರ್. ಅಂದರೆ ತಿಂಗಳಿಗೆ 33 ಲಕ್ಷ ಲೀಟರ್. ಊರು ಟ್ಯಾಂಕಿಗೆ ಏರಿಸುವುದು ಅಷ್ಟೇ ಎಂದುಕೊಳ್ಳೋಣ. ಇದರಿಂದ ಭಾಗಿಸಿದರೆ ಸಾವಿರ ಲೀಟರಿಗೆ 20 ರೂಪಾಯಿ. ಆದರೆ ಇದು ಟ್ಯಾಂಕಿಗೆ ಏರಿಸಿದ ನೀರು. ಐದರಲ್ಲೊಂದು ಪಾಲು ದಾರಿಯಲ್ಲೇ ಸೋರಿದರೆ ಮನೆಗಳ ಮೀಟರ್‌ನಲ್ಲಿ 26,40,000 ಲೀಟರ್ ಮಾತ್ರ ಸಿಗುತ್ತದೆ. ಆಗ ದರ 25 ಆಗುತ್ತದೆ. ಅದರಲ್ಲೂ ನೂರಕ್ಕೆ 80 ಪಾಲಿನ ನೀರಿಗಷ್ಟೇ ದುಡ್ಡು ಬಂದರೆ ಕೈಗೆ ಸಿಗುವುದು 52,800, ಪ್ರತಿ ತಿಂಗಳೂ 13,200 ಕೊರತೆ. ದರವನ್ನು 31 ರೂಪಾಯಿ 25 ಪೈಸೆಗೆ ಏರಿಸಿದರೆ ಕೊರತೆ ತುಂಬುತ್ತದೆ ನಿಜ. ಆದರೆ ಕಟ್ಟದವರ ಪಾಲು ಕಟ್ಟುವವರ ತಲೆಗೆ ಬೀಳುವುದು ನ್ಯಾಯವಲ್ಲ. ದರ 25 ಇಡಿ, ಬಾಕಿ ವಸೂಲಿ ಬಿಗಿ ಮಾಡಿ.

ಸೋರಿಕೆ ಎಷ್ಟೆಂದು ಅಂದಾಜು ಮಾಡುತ್ತಾ ಕೂರಬೇಡಿ. ಒಂದು ರಾತ್ರಿ ನಲ್ಲಿ ಮುಚ್ಚಿರಿ ಎಂದು ಊರಿಗೆಲ್ಲ ಹೇಳಿಸಿ. 11 ಗಂಟೆಗೆ ಮೋಟಾರ್ ನಿಲ್ಲಿಸಿ, ವಾಲ್ವ್ ತೆರೆದೇ ಬಿಟ್ಟು, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗಿನ ಜಾವ 4ಕ್ಕೆ ಮತ್ತೆ ನೋಡಿ. ಇಳಿದದ್ದು ಬಹುಪಾಲು ಸೋರಿಕೆಯೇ. ನೀರುಗಂಟಿ ಜೊತೆಗಿರಲಿ, ಯಾವ ಓಣಿಯ ಮಣ್ಣು ಸದಾ ಒದ್ದೆ ಎಂದು ಅವರಿಗೇ ಗೊತ್ತು.

ಈ 25 ಸರಾಸರಿ ದರ, ಎಲ್ಲ ನೀರಿಗೂ ಒಂದೇ ಇರಬೇಕಿಲ್ಲ. ಐದು ಜನರ ಮನೆಗೆ ತಿಂಗಳಿಗೆ ಹೆಚ್ಚುಕಡಿಮೆ 8 ಸಾವಿರ ಲೀಟರ್ ಬೇಕು. ಅಷ್ಟಕ್ಕೆ ಕಡಿಮೆ ದರ, ಮೇಲಿನದಕ್ಕೆ ಜಾಸ್ತಿ ಇಡಿ. ಬೆಂಗಳೂರು ಜಲಮಂಡಳಿಯ ಮೊದಲ ಹಂತವೂ 8 ಸಾವಿರ ಲೀಟರಿನದೇ. ಆಮೇಲೆ ಒಟ್ಟು ವಸೂಲಿ 66,000 ಮುಟ್ಟುತ್ತದಾ ಎಂದು ಮತ್ತೊಮ್ಮೆ ಕೂಡಿ ನೋಡಿ.

ಗ್ರಾಮಸಭೆಯಲ್ಲಿ ದರದ ಜೊತೆ ಖರ್ಚಿನ ಪಟ್ಟಿಯನ್ನೂ ಓದಿ. ಪ್ರತಿ ಏಪ್ರಿಲ್‌ನಲ್ಲಿ ಲೆಕ್ಕ ಹೊಸದಾಗಿ ಮಾಡಿ. ಬೆಂಗಳೂರಿನಲ್ಲಿ 2014ರಲ್ಲಿ ಏರಿದ ದರ ಮತ್ತೆ ಏರಿದ್ದು 2025ರಲ್ಲೇ. ಅಷ್ಟು ವರ್ಷ ಸುಮ್ನೆ ಬಿಟ್ಟರೆ ಭಾರ ಒಮ್ಮೆಗೇ ಬೀಳುತ್ತದೆ. ಮೋಟಾರಿನ 2,000ಕ್ಕೆ ಬೇರೆ ಖಾತೆಯನ್ನೇ ತೆರೆಯಿರಿ, ಬೀದಿ ದೀಪದ ಬಿಲ್‌ಗೆ ಅದನ್ನು ಮುಟ್ಟಕೂಡದು.