ಕಥೆಯೊಳಗಿನ ವ್ಯಂಗ್ಯವನ್ನು ಗುರುತಿಸುವುದು ಹೇಗೆ?

ಇಂಗ್ಲಿಷಿನಲ್ಲಿ ಎಲ್ಲಕ್ಕೂ ‘ಐರನಿ’ ಅನ್ನೋ ಒಂದೇ ಪದ. ಕನ್ನಡದಲ್ಲಿ ಮಾತಿನಲ್ಲಿದ್ದರೆ ವ್ಯಂಗ್ಯ, ಘಟನೆಯಲ್ಲಿದ್ದರೆ ವಿಪರ್ಯಾಸ. ಹಾಗಾಗಿ ನಮಗೆ ಕೆಲಸ ಸ್ವಲ್ಪ ಸುಲಭ. ಓದುವಾಗ ಒಂದು ಪ್ರಶ್ನೆ ಕೈಯಲ್ಲಿಟ್ಟುಕೊಳ್ಳಿ: ಇಲ್ಲಿ ಯಾರಿಗೆ ಏನು ಗೊತ್ತಿಲ್ಲ?

ಹಂತ 1: ಮಾತನ್ನು ನೋಡಿ

ಆಡುವವನಿಗೆ ತನ್ನ ಮಾತಿನ ಒಳಾರ್ಥ ಗೊತ್ತಿದೆಯೇ? ಗೊತ್ತಿದ್ದೇ ಉಲ್ಟಾ ಹೇಳಿದರೆ ಅದು ಮಾತಿನ ವ್ಯಂಗ್ಯ. ಎರಡು ಗಂಟೆ ತಡವಾಗಿ ಬಂದವರಿಗೆ ‘ಇಷ್ಟು ಬೇಗ ಬಂದುಬಿಟ್ರಾ?’ ಅಂತೀವಲ್ಲ, ಅದೇ. ಹೊಗಳುವ ನೆಪದಲ್ಲಿ ತೆಗಳುವುದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ವ್ಯಾಜಸ್ತುತಿ ಎಂಬ ಹೆಸರೇ ಇದೆ. ತೆಗಳುವ ನೆಪದಲ್ಲಿ ಹೊಗಳಿದರೂ ಅದೇ ಹೆಸರು.

ಕೆಲವೊಮ್ಮೆ ಇಡೀ ಬರಹವೇ ಹೀಗಿರುತ್ತದೆ. ಐರ್ಲೆಂಡಿನ ಲೇಖಕ ಜೊನಾಥನ್ ಸ್ವಿಫ್ಟ್ 1729ರಲ್ಲಿ ಒಂದು ಕಿರುಹೊತ್ತಿಗೆ ಬರೆದ. ಐರ್ಲೆಂಡಿನ ಬಡವರು ತಮ್ಮ ಒಂದು ವರ್ಷದ ಮಕ್ಕಳನ್ನು ಶ್ರೀಮಂತರ ಊಟಕ್ಕೆ ಮಾರಲಿ ಎಂಬುದು ಅದರ ಸಲಹೆ! ಲೆಕ್ಕಾಚಾರ ಸಮೇತ, ತಣ್ಣಗೆ ವಾದ ಸಾಗುತ್ತದೆ. ಬಡವರ ಬಗ್ಗೆ ಕರುಣೆಯಿಲ್ಲದವರಿಗೆ ಕೊಟ್ಟ ಏಟು ಅದು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಹಂತ 2: ನಿಮಗೆ ಗೊತ್ತಿರುವುದು ಪಾತ್ರಕ್ಕೆ ಗೊತ್ತೇ?

ಗೊತ್ತಿಲ್ಲದಿದ್ದರೆ ಅದು ನಾಟಕೀಯ ವ್ಯಂಗ್ಯ. ನನಗೆ ಜಾಸ್ತಿ ಇಷ್ಟವಾಗುವುದು ಇದೇ. ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಈಡಿಪಸ್’ ನಾಟಕದಲ್ಲಿ ಥೀಬ್ಸ್ ನಗರಕ್ಕೆ ಪಿಡುಗು ಬಡಿದಿದೆ. ಹಿಂದಿನ ರಾಜನ ಕೊಲೆಗಾರ ಸಿಕ್ಕರೆ ಮಾತ್ರ ಬಿಡುಗಡೆ. ದೊರೆ ಈಡಿಪಸ್ ಆ ಕೊಲೆಗಾರನಿಗೆ ತುಂಬಿದ ಸಭೆಯಲ್ಲಿ ಶಾಪ ಹಾಕುತ್ತಾನೆ. ಕೊಂದವನು ತಾನೇ ಎಂದು ಅವನಿಗೆ ಗೊತ್ತಿಲ್ಲ. ಹಳೆಯ ಕಥೆಯಾದ್ದರಿಂದ ಅಥೆನ್ಸಿನ ಪ್ರೇಕ್ಷಕರಿಗೆ ಗೊತ್ತಿತ್ತು. ಅವನು ನ್ಯಾಯದ ಮಾತಾಡಿದಷ್ಟೂ ನೋಡುವವರ ಎದೆ ಝಲ್ಲೆನ್ನುತ್ತದೆ. ಮಾತು ಅವನದು, ಪೂರ್ತಿ ಅರ್ಥ ಮಾತ್ರ ನಮ್ಮ ಹತ್ತಿರ.

ಹಂತ 3: ಘಟನೆಯನ್ನು ನೋಡಿ

ಅಂದುಕೊಂಡಿದ್ದೊಂದು, ಆಗಿದ್ದು ಅದಕ್ಕೆ ನೇರ ತಿರುಗುಮುರುಗು. ಇದು ವಿಪರ್ಯಾಸ. ತಂದೆಯನ್ನು ಕೊಲ್ಲುತ್ತಾನೆ ಎಂಬ ಭವಿಷ್ಯವಾಣಿಗೆ ಹೆದರಿ ಈಡಿಪಸ್ ತಾನು ಬೆಳೆದ ಕೊರಿಂತ್ ನಗರ ಬಿಟ್ಟು ಓಡಿದ; ಅಲ್ಲಿನ ಸಾಕುತಂದೆಯೇ ಹೆತ್ತ ತಂದೆ ಎಂದುಕೊಂಡಿದ್ದ. ಆ ಓಟವೇ ಅವನನ್ನು ನಿಜವಾದ ತಂದೆಯ, ಅಂದರೆ ಥೀಬ್ಸಿನ ಆ ಹಿಂದಿನ ರಾಜನ ಎದುರು ನಿಲ್ಲಿಸಿತು.

ಇಲ್ಲೇ ಹಲವರು ಎಡವುತ್ತಾರೆ. ಮದುವೆಯ ದಿನ ಮಳೆ ಬಂದರೆ ಅದು ಸುಮ್ನೆ ದುರದೃಷ್ಟ. ಮಳೆಗೆ ಹೆದರಿ ಮದುವೆಯನ್ನು ಮುಂದೂಡಿ, ಹೊಸ ದಿನವೇ ಮಳೆ ಸುರಿದು, ಹಳೆಯ ದಿನ ಬಿಸಿಲಿದ್ದರೆ ವಿಪರ್ಯಾಸ. ತಪ್ಪಿಸಿಕೊಳ್ಳಲು ಮಾಡಿದ್ದೇ ಸಿಕ್ಕಿಹಾಕಿಸಬೇಕು.

ಹಂತ 4: ಇನ್ನೊಮ್ಮೆ ಓದಿ

ಫ್ರೆಂಚ್ ಕಥೆಗಾರ ಮೊಪಾಸಾ 1884ರಲ್ಲಿ ಬರೆದ ಕಥೆಯಲ್ಲಿ ಒಬ್ಬಾಕೆ ಗೆಳತಿಯಿಂದ ಎರವಲು ತಂದ ವಜ್ರದ ಹಾರವನ್ನು ಕಳೆದುಕೊಳ್ಳುತ್ತಾಳೆ. ಸಾಲ ಮಾಡಿ ಅಂಥದ್ದೇ ಹಾರ ಕೊಂಡು ಹಿಂತಿರುಗಿಸಿ, ಗಂಡ ಹೆಂಡತಿ ಹತ್ತು ವರ್ಷ ದುಡಿದು ಸಾಲ ತೀರಿಸುತ್ತಾರೆ. ಕಳೆದದ್ದು ನಕಲಿ ಹಾರ ಎಂದು ಕೊನೆಯಲ್ಲಿ ತಿಳಿಯುತ್ತದೆ. ಮೊದಲ ಓದಿಗೆ ಇದು ವಿಪರ್ಯಾಸ. ಎರಡನೇ ಸಲ ಓದುವಾಗ ಹಾರದ ಗುಟ್ಟು ನಿಮಗೆ ಗೊತ್ತು, ಆಕೆಗೆ ಗೊತ್ತಿಲ್ಲ. ಅದೇ ಕಥೆ ಈಗ ನಾಟಕೀಯ ವ್ಯಂಗ್ಯ ಆಯ್ತು, ಅಲ್ವಾ?